ಇಂಗ್ಲಿಷಿನ ಪ್ರಾದೇಶಿಕ ನುಡಿಗಳು ಕೆಟ್ಟ ರೂಪಗಳೇ?

ಮಾನ್ಯರೇ,

ತಮ್ಮ ಪತ್ರ ತಲುಪಿತು. ಯಾರ್ಕ್‌ಷೈರ್, ಕೆಂಟ್ ಮುಂತಾದ ಸೀಮೆಗಳ ಆಡುಮಾತು ಶುದ್ಧ ಇಂಗ್ಲಿಷು ಹಳ್ಳಿಗರ ಬಾಯಲ್ಲಿ ಕೆಟ್ಟು ಹುಟ್ಟಿದ್ದಲ್ಲವೇ ಎಂದು ಕೇಳಿದ್ದೀರಿ. ಖಂಡಿತವಾಗಿ ಅಲ್ಲ. ಕೆಡಬೇಕಾದರೆ ಮೊದಲು ಒಂದು ಶುದ್ಧ ರೂಪ ಇರಬೇಕಷ್ಟೆ. ಇಂಗ್ಲಿಷಿಗೆ ಅಂಥದ್ದು ಆರಂಭದಲ್ಲಿ ಇರಲೇ ಇಲ್ಲ.

ಆಂಗಲ್, ಸ್ಯಾಕ್ಸನ್, ಜೂಟ್ ಜನರು 5ನೆಯ ಶತಮಾನದಿಂದ ಸಮುದ್ರ ದಾಟಿ ಬಂದು ಬೇರೆ ಬೇರೆ ಕಡೆ ನೆಲೆಸಿದರು. ಹಳೆಯ ಇಂಗ್ಲಿಷಿನ ಬರಹಗಳಲ್ಲಿಯೇ ನಾರ್ತಂಬ್ರಿಯ, ಮರ್ಸಿಯ, ವೆಸೆಕ್ಸ್, ಕೆಂಟ್ ಎಂಬ ನಾಲ್ಕು ಬಗೆಗಳನ್ನು ವಿದ್ವಾಂಸರು ಗುರುತಿಸುತ್ತಾರೆ. ಆಲ್‌ಫ್ರೆಡ್ ದೊರೆಯ ಆಶ್ರಯದಲ್ಲಿ ವೆಸೆಕ್ಸಿನ ನುಡಿ ಗ್ರಂಥಭಾಷೆಯಾಗಿ ಬೆಳೆಯಿತಾದರೂ 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಗೆದ್ದ ಮೇಲೆ ಆ ಮನ್ನಣೆ ಉಳಿಯಲಿಲ್ಲ. ಇಂದಿನ ಶಿಷ್ಟರೂಪವು ಮುಖ್ಯವಾಗಿ ಲಂಡನ್ ಮತ್ತು ಪೂರ್ವ ಮಿಡ್‌ಲ್ಯಾಂಡ್ಸ್ ನುಡಿಗಳಿಂದ ಬಹಳ ತಡವಾಗಿ ರೂಪುಗೊಂಡಿತು.

ಇಂಗ್ಲೆಂಡಿಗೆ ಅಚ್ಚುಕೂಟವನ್ನು ತಂದ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ತನ್ನದೊಂದು ಅನುವಾದದ ಮುನ್ನುಡಿಯಲ್ಲಿ ಒಂದು ಪ್ರಸಂಗವನ್ನು ಬರೆದಿದ್ದಾನೆ. ಥೇಮ್ಸ್ ನದಿಯಿಂದ ಹೊರಟ ಕೆಲವು ವರ್ತಕರು ಗಾಳಿಯಿಲ್ಲದೆ ದಡಕ್ಕೆ ಬಂದು, ಅವರಲ್ಲೊಬ್ಬನು ಒಂದು ಮನೆಯೊಡತಿಯ ಬಳಿ ‘ಎಗ್ಸ್’ ಕೇಳಿದನಂತೆ. ಆಕೆ ತನಗೆ ಫ್ರೆಂಚ್ ಬಾರದೆಂದಳು. ಅವನಿಗೂ ಫ್ರೆಂಚ್ ಬಾರದು, ಆದ್ದರಿಂದ ಅವನಿಗೆ ಸಿಟ್ಟು ಬಂತು. ಇನ್ನೊಬ್ಬನು ‘ಎಯ್ರೆನ್’ ಎಂದಾಗಲೇ ಆಕೆಗೆ ಅವರು ಮೊಟ್ಟೆ ಕೇಳುತ್ತಿದ್ದಾರೆಂದು ತಿಳಿದದ್ದು. ಈ ಪ್ರಸಂಗವನ್ನು ನಾನು ಎಷ್ಟು ಸಲ ಓದಿದರೂ ಆ ಹೆಂಗಸಿನ ಪರವಾಗಿಯೇ ನಿಲ್ಲುತ್ತೇನೆ, ಏಕೆಂದರೆ ಹಳೆಯ ಇಂಗ್ಲಿಷಿನಿಂದ ನೇರವಾಗಿ ಇಳಿದು ಬಂದ ಪದ ಆಕೆಯದು. ಇಂದು ನಾವು ಶಾಲೆಯಲ್ಲಿ ಸರಿಯೆಂದು ಕಲಿಸುವ ‘ಎಗ್’ ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರ ನಾರ್ಸ್ ಭಾಷೆಯದು. ಅವರು ನೆಲೆಸಿದ್ದ ಉತ್ತರ ಮತ್ತು ಪೂರ್ವ ಭಾಗಗಳಿಂದ ದಕ್ಷಿಣಕ್ಕೆ ಹಬ್ಬಿತು. ಅವರು ಎಂಬ ಅರ್ಥದ ‘ದೇ’ ಎಂಬ ಸರ್ವನಾಮವೂ ಅದೇ ದಾರಿಯಲ್ಲಿ ಬಂದದ್ದೇ.

ಕೆಂಟಿನ ವಿಷಯವಾಗಿ ಇನ್ನೊಂದು ಮಾತು. ಹೂಳು ಎಂಬ ಅರ್ಥದ ಪದವನ್ನು ಬಿ-ಯು-ಆರ್-ವೈ ಎಂದು ಬರೆದು ‘ಬೆರಿ’ ಎಂದು ಓದುವುದನ್ನು ನಮ್ಮ ಮಕ್ಕಳು ಕಾರಣ ತಿಳಿಯದೆ ಉರುಹೊಡೆಯುತ್ತಾರೆ. ತುಟಿಯನ್ನು ದುಂಡಗೆ ಮಾಡಿ ‘ಇ’ ಎಂದರೆ ಹೊರಡುವಂಥ ಸ್ವರವೊಂದು ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕಿತ್ತು. ಪಶ್ಚಿಮದ ಕಡೆ ಅದು ಹಾಗೆಯೇ ಉಳಿದು ‘ಯು’ ಅಕ್ಷರದಲ್ಲಿ ಬರೆಯಲ್ಪಟ್ಟಿತು, ಉತ್ತರದಲ್ಲಿ ‘ಇ’ ಆಯಿತು, ಕೆಂಟಿನಲ್ಲಿ ‘ಎ’ ಆಯಿತು. ಶಿಷ್ಟ ಇಂಗ್ಲಿಷು ಕಾಗುಣಿತವನ್ನು ಪಶ್ಚಿಮದಿಂದಲೂ ಉಚ್ಚಾರವನ್ನು ತಾವು ಕೆಟ್ಟದ್ದೆಂದು ಹೆಸರಿಸಿದ ಆ ಕೆಂಟಿನಿಂದಲೂ ತೆಗೆದುಕೊಂಡಿದೆ.

– ಸಂಪಾದಕ