ಓದುಗರ ಪ್ರಶ್ನೆ: ಧಾರವಾಡದ ಮೇಲೆ ಪುಣೆ ಕೇಳಿಸುವುದೇಕೆ?

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಪುಣೆಯ ಕೋಥ್ರೂಡ್‌ನಲ್ಲಿ ನೆಲೆಸಿದ್ದೇವೆ. ರಾತ್ರಿ ಹೊತ್ತು 765 ಕಿಲೋಹರ್ಟ್ಸ್‌ನಲ್ಲಿ ಧಾರವಾಡ ಆಕಾಶವಾಣಿಯನ್ನು ಕೇಳುವ ಆಸೆಯಿಂದ, ಸೌಂಡ್ ಕಾರ್ಡ್ ಮೂಲಕ ಕೆಲಸ ಮಾಡುವ ಸಾಫ್ಟ್‌ರಾಕ್ ಮಾದರಿಯ (ಕಂಪ್ಯೂಟರ್ ತಂತ್ರಾಂಶದ ನೆರವಿನಿಂದ ಕೇಳುವ) ಮೀಡಿಯಂ ವೇವ್ ರೇಡಿಯೊ ಕಿಟ್ ಒಂದನ್ನು ಜೋಡಿಸಿ, ಡೆಸ್ಕ್‌ಟಾಪ್‌ನ ಮುಂಭಾಗದ ಗುಲಾಬಿ ಜ್ಯಾಕ್‌ಗೆ ಸಿಕ್ಕಿಸಿದ್ದೇನೆ. ಪರದೆಯ ನಡುಗೆರೆಯಾದ ಕೇಂದ್ರ ಆವರ್ತನವನ್ನು 780ಕ್ಕೆ ಇಟ್ಟಾಗ, 792ರ ಪುಣೆ ಕೇಂದ್ರ ಅಷ್ಟೇ ಎತ್ತರದಲ್ಲಿ 768ರಲ್ಲೂ ಕಾಣುತ್ತದೆ. ಧಾರವಾಡದ ಮೇಲೆ ಪುಣೆಯ ಮಾತು, ಜೊತೆಗೆ ಒಂದು ಸಿಳ್ಳೆ. ತಂತ್ರಾಂಶದಲ್ಲಿ ಎರಡು ಚಾನಲ್‌ಗಳ ಮಟ್ಟವನ್ನೂ ಕೋನವನ್ನೂ ಹೊಂದಿಸುವ ಗೇನ್ ಮತ್ತು ಫೇಸ್ ಪಟ್ಟಿಗಳನ್ನು ಎಷ್ಟು ಎಳೆದರೂ ಫಲವಿಲ್ಲ. ಕಿಟ್ ಕೆಟ್ಟಿದೆಯೆ?

ಉತ್ತರ: ಕಿಟ್ಟನ್ನು ಸದ್ಯಕ್ಕೆ ಬಿಚ್ಚಬೇಡಿ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ, ಕಂಪ್ಯೂಟರ್‌ಗೆ ಎರಡು ಚಾನಲ್ ತಲುಪುತ್ತಿಲ್ಲವೆಂಬ ಅನುಮಾನವೇ ಬಲವಾಗಿದೆ. ಇಂಥ ರೇಡಿಯೊ ಒಂದೇ ಸಂಕೇತವನ್ನು 90 ಡಿಗ್ರಿ ಅಂತರವಿರುವ ಎರಡು ರೂಪಗಳಲ್ಲಿ ಕೊಡುತ್ತದೆ. ಐ ಎಂಬುದು ಎಡ ಚಾನಲ್‌ನಲ್ಲಿ, ಕ್ಯೂ ಎಂಬುದು ಬಲ ಚಾನಲ್‌ನಲ್ಲಿ ಬರುತ್ತದೆ. ಒಂದು ಕೇಂದ್ರವು ನಡುಗೆರೆಗಿಂತ 12 ಕಿಲೋಹರ್ಟ್ಸ್ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ತಂತ್ರಾಂಶವು ಈ ಎರಡನ್ನೂ ಹೋಲಿಸಿಯೇ ತಿಳಿಯಬೇಕು. ಒಂದು ಚಾನಲ್ ಇಲ್ಲವಾದರೆ, ಅಥವಾ ಎರಡರಲ್ಲೂ ಒಂದೇ ಸಂಕೇತ ಬಂದರೆ, ಅದು ಪ್ರತಿಯೊಂದು ಕೇಂದ್ರವನ್ನೂ ಎರಡೂ ಕಡೆ ಒಂದೇ ಎತ್ತರದಲ್ಲಿ ತೋರಿಸುತ್ತದೆ. ಹೀಗೆ ಎದುರು ಬದಿಯಲ್ಲಿ ಕಾಣುವ ನಕಲೇ ಪ್ರತಿಬಿಂಬ. 780ರಿಂದ 12 ಕೆಳಗೆ ಎಂದರೆ 768. ಧಾರವಾಡಕ್ಕೂ ಅದಕ್ಕೂ ಇರುವ 3 ಕಿಲೋಹರ್ಟ್ಸ್ ಅಂತರವೇ ನಿಮಗೆ ಕೇಳುತ್ತಿರುವ ಸಿಳ್ಳೆ. ಇಲ್ಲದ ಚಾನಲ್ಲನ್ನು ಗೇನ್ ಮತ್ತು ಫೇಸ್ ಪಟ್ಟಿಗಳು ಹುಟ್ಟಿಸಲಾರವು.

ಡೆಸ್ಕ್‌ಟಾಪ್‌ನ ಗುಲಾಬಿ ಜ್ಯಾಕ್ ಮೈಕ್‌ಗಾಗಿ ಇರುವುದು, ಮತ್ತು ಬಹಳಷ್ಟು ಯಂತ್ರಗಳಲ್ಲಿ ಅದು ಮೊನೊ, ಅಂದರೆ ಒಂದೇ ಚಾನಲ್‌ನದು. ಸ್ಟೀರಿಯೊ ಪಿನ್ನಿನ ತುದಿ ಎಡ ಚಾನಲ್, ನಡುವಿನ ಉಂಗುರ ಬಲ ಚಾನಲ್, ಬುಡದ ಭಾಗ ಗ್ರೌಂಡ್. ಮೈಕ್ ಜ್ಯಾಕ್‌ನಲ್ಲಿ ಆ ಉಂಗುರದ ಮೇಲೆ ಮೈಕ್‌ಗೆ ಬೇಕಾದ ಸಣ್ಣ ಡಿಸಿ ವೋಲ್ಟೇಜ್ ಇರುವುದು ಸಾಮಾನ್ಯ, ಅಂದರೆ ನಿಮ್ಮ ಕ್ಯೂ ಸಂಕೇತಕ್ಕೆ ಅಲ್ಲಿ ದಾರಿಯೇ ಇಲ್ಲ. ಕಂಪ್ಯೂಟರಿನ ಹಿಂಭಾಗದಲ್ಲಿ ನೀಲಿ ಬಣ್ಣದ ಲೈನ್ ಇನ್ ಜ್ಯಾಕ್ ಇದ್ದರೆ ಕೇಬಲನ್ನು ಅಲ್ಲಿಗೆ ಬದಲಾಯಿಸಿ. ಬಳಿಕ ವಿಂಡೋಸ್‌ನ ಸೌಂಡ್ ವ್ಯವಸ್ಥೆಯಲ್ಲಿ ರೆಕಾರ್ಡಿಂಗ್ ವಿಭಾಗಕ್ಕೆ ಹೋಗಿ, ಲೈನ್ ಇನ್‌ನ ಪ್ರಾಪರ್ಟೀಸ್ ತೆರೆದು, 2 ಚಾನಲ್, 48000 ಅಥವಾ 96000 ಹರ್ಟ್ಸ್ ಎಂಬುದನ್ನು ಆರಿಸಿ, ರೇಡಿಯೊ ತಂತ್ರಾಂಶದಲ್ಲೂ ಅದೇ ಸಂಖ್ಯೆಯನ್ನು ಇಡಿ. ಗದ್ದಲ ತಗ್ಗಿಸುವ, ಪ್ರತಿಧ್ವನಿ ಅಳಿಸುವ ಸೌಲಭ್ಯಗಳನ್ನೆಲ್ಲ ಆಫ್ ಮಾಡಲೇಬೇಕು. ಅವು ಮನುಷ್ಯರ ಮಾತಿಗಾಗಿ ರೂಪಿಸಿದವು, ಐ ಮತ್ತು ಕ್ಯೂ ನಡುವಿನ ಸಂಬಂಧವನ್ನು ಅವು ಕೆಡಿಸುತ್ತವೆ.

ಇಷ್ಟಾದ ಮೇಲೂ ವಿಂಡೋಸ್ ಪರದೆಯಲ್ಲಿ ಎರಡು ಚಾನಲ್ ಎಂದು ಬರೆದಿರುವುದನ್ನು ನಂಬಿ ಕೂರಬೇಡಿ, ಏಕೆಂದರೆ ಮೊನೊ ಸಂಕೇತವನ್ನೇ ಎರಡು ಕಡೆಗೆ ನಕಲು ಮಾಡಿ ಕೊಡುವ ಸೌಂಡ್ ಕಾರ್ಡ್‌ಗಳೂ ಇವೆ. ಕಿಟ್‌ನ ಕಡೆಯ ಪಿನ್ನನ್ನು ಹೊರಗೆಳೆದು, ಇನ್ನೊಂದು ತುದಿ ಕಂಪ್ಯೂಟರ್‌ನಲ್ಲೇ ಇರುವಂತೆ ನೋಡಿಕೊಂಡು, ಅಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶದಲ್ಲಿ ಸ್ಟೀರಿಯೊ ರೆಕಾರ್ಡಿಂಗ್ ಆರಂಭಿಸಿ. ಪಿನ್ನಿನ ತುದಿಯನ್ನಷ್ಟೇ ಬೆರಳಿನಿಂದ ಮುಟ್ಟಿದಾಗ 50 ಹರ್ಟ್ಸ್‌ನ ಗುಂಯ್‌ ಶಬ್ದದ ಅಲೆ ಮುಖ್ಯವಾಗಿ ಮೇಲಿನ ಪಟ್ಟಿಯಲ್ಲೂ, ಉಂಗುರವನ್ನು ಮುಟ್ಟಿದಾಗ ಕೆಳಗಿನ ಪಟ್ಟಿಯಲ್ಲೂ ಏಳಬೇಕು. ಯಾವುದನ್ನು ಮುಟ್ಟಿದರೂ ಎರಡೂ ಪಟ್ಟಿಗಳು ಒಂದೇ ರೀತಿ ಕುಣಿದರೆ ಆ ಜ್ಯಾಕ್ ಮೊನೊ ಎಂದು ತಿಳಿಯಿರಿ. ಒಂದು ಪಟ್ಟಿ ಸದಾ ಸಪಾಟಾಗಿದ್ದರೆ ಕೇಬಲ್ ಬದಲಿಸಿ ಮತ್ತೊಮ್ಮೆ ನೋಡಿ. ಎರಡು ಉಂಗುರಗಳಿರುವ ಮೊಬೈಲ್ ಹೆಡ್‌ಸೆಟ್ ಕೇಬಲನ್ನಂತೂ ಇಲ್ಲಿ ಬಳಸಲೇಬಾರದು. ಎರಡೂ ಸಪಾಟಾಗಿದ್ದರೆ ಪ್ರೈವಸಿ ವಿಭಾಗದಲ್ಲಿ ಮೈಕ್ರೊಫೋನ್ ಬಳಕೆಗೆ ಅನುಮತಿ ಇದೆಯೇ ಎಂಬುದನ್ನು ಪರೀಕ್ಷಿಸಿ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಕೆಲವು ಯುಎಸ್‌ಬಿ ಸೌಂಡ್ ಕಾರ್ಡ್‌ಗಳಲ್ಲಿ ಒಂದು ಚಾನಲ್ ಮತ್ತೊಂದಕ್ಕಿಂತ ಒಂದು ಸ್ಯಾಂಪಲ್ (ಸಂಕೇತದ ಒಂದು ಅಳತೆ) ಹಿಂದುಳಿಯುವುದುಂಟು. 48000 ಹರ್ಟ್ಸ್‌ನಲ್ಲಿ ಒಂದು ಸ್ಯಾಂಪಲ್ ಎಂದರೆ ಸುಮಾರು 20.8 ಮೈಕ್ರೊಸೆಕೆಂಡ್, ಅಂದರೆ 12 ಕಿಲೋಹರ್ಟ್ಸ್ ಸಂಕೇತಕ್ಕೆ ಸರಿಯಾಗಿ ಕಾಲು ಆವರ್ತ, 90 ಡಿಗ್ರಿ. ನೀವು ಆರಿಸಿದ ಅಂತರವೂ 12 ಆಗಿರುವುದರಿಂದ, ಎರಡು ಚಾನಲ್ ಸರಿಯಾಗಿ ಬರುತ್ತಿದ್ದರೂ ನಿಮಗೆ ಪ್ರತಿಬಿಂಬ ಅಷ್ಟೇ ಎತ್ತರಕ್ಕೆ ಕಾಣಬಹುದು. ಆದ್ದರಿಂದ ಕೇಂದ್ರ ಆವರ್ತನವನ್ನು 789ಕ್ಕೆ ಸರಿಸಿ, 786ರಲ್ಲಿ ಬೀಳುವ ಪ್ರತಿಬಿಂಬವನ್ನು ಗಮನಿಸಿ: ಅದು ಮೊದಲಿನಂತೆ ಸಮವಾಗಿಯೇ ಉಳಿದರೆ ದೋಷ ಮೊನೊದ್ದು, ಸುಮಾರು 14 ಡೆಸಿಬೆಲ್ ಕುಗ್ಗಿದರೆ ಸ್ಯಾಂಪಲ್ ವಿಳಂಬದ್ದು. ಎರಡನೆಯದಕ್ಕೆ ಕ್ವಿಸ್ಕ್‌ನಂಥ ಕೆಲವು ತಂತ್ರಾಂಶಗಳಲ್ಲಿ ಚಾನಲ್ ವಿಳಂಬವನ್ನು ಸರಿದೂಗಿಸುವ ಆಯ್ಕೆ ಇದೆ.

ಗೇನ್, ಫೇಸ್ ಪಟ್ಟಿಗಳನ್ನು ಮುಟ್ಟಬೇಕಾದುದು ಇದಾದ ಮೇಲೆ. ಎರಡು ಚಾನಲ್‌ಗಳ ನಡುವೆ 1 ಡೆಸಿಬೆಲ್ ವ್ಯತ್ಯಾಸವಿದ್ದರೆ ಪ್ರತಿಬಿಂಬ ಸುಮಾರು 25 ಡೆಸಿಬೆಲ್ ಮಾತ್ರ ಕೆಳಗಿರುತ್ತದೆ. ಫೇಸ್‌ನಲ್ಲಿ 1 ಡಿಗ್ರಿ ದೋಷವಷ್ಟೇ ಇದ್ದರೆ ಸುಮಾರು 41 ಡೆಸಿಬೆಲ್. ಪುಣೆಯ ಪ್ರಸಾರವು ನೀವಿರುವ ಊರಿನದೇ. ಧಾರವಾಡದ್ದು ಸುಮಾರು 350 ಕಿಲೋಮೀಟರ್ ದಾಟಿ ರಾತ್ರಿಯ ಆಕಾಶದಿಂದ ಪ್ರತಿಫಲಿಸಿ ಬರುವಂಥದು. ಹೀಗಾಗಿ 40 ಡೆಸಿಬೆಲ್ ತಗ್ಗಿದ ಪುಣೆಯೂ ಧಾರವಾಡವನ್ನು ಕೆಡಿಸಬಹುದು. ನನ್ನ ಸಲಹೆಯೆಂದರೆ 96000 ಹರ್ಟ್ಸ್ ಆರಿಸಿ, ಕೇಂದ್ರ ಆವರ್ತನವನ್ನು 770ಕ್ಕೆ ಇಡಿ. ಆಗ ಪುಣೆಯ ಪ್ರತಿಬಿಂಬ 748ಕ್ಕೆ ಹೋಗಿ, 765ರ ಸುತ್ತ ಅದರ ಸುಳಿವಿರುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಲೈನ್ ಇನ್ ಇಲ್ಲದಿದ್ದರೆ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ಯುಎಸ್‌ಬಿ ಸೌಂಡ್ ಕಾರ್ಡ್ ವಿಚಾರಿಸಬಹುದು, ಆದರೆ ಮೈಕ್ ಮತ್ತು ಹೆಡ್‌ಫೋನ್ ಜ್ಯಾಕ್ ಮಾತ್ರ ಇರುವ ಪುಟ್ಟ ಡಾಂಗಲ್ ಬೇಡ. ಸ್ಟೀರಿಯೊ ಲೈನ್ ಇನ್ ಎಂದು ಸ್ಪಷ್ಟವಾಗಿ ನಮೂದಿಸಿದ್ದನ್ನೇ ಕೊಳ್ಳಿ.

ಪ್ರಶ್ನೆ: ನನ್ನ ರೇಡಿಯೊದಲ್ಲಿ ಪ್ರತಿಬಿಂಬವಿಲ್ಲ, ಆದರೆ ಪರದೆಯ ನಟ್ಟನಡುವೆ ಸದಾ ಒಂದು ಕಂಬ ನಿಂತಿರುತ್ತದೆ, ಅದರ ಇಕ್ಕೆಲಗಳಲ್ಲಿ ಚಿಕ್ಕ ಕಂಬಗಳ ಸಾಲು. (ಮಾಟುಂಗಾ, ಮುಂಬೈ)

ಉತ್ತರ: ನಡುವಿನ ಕಂಬ ಸೌಂಡ್ ಕಾರ್ಡ್‌ನ ಡಿಸಿ ಅಂಶದ್ದು, ಅದು ಈ ವಿನ್ಯಾಸಕ್ಕೆ ಸಹಜ, ನೀವು ಕೇಳಬೇಕಾದ ಕೇಂದ್ರವನ್ನು ನಡುಗೆರೆಯಿಂದ ಕೆಲವು ಕಿಲೋಹರ್ಟ್ಸ್ ಆಚೆ ಇಟ್ಟರೆ ಸಾಕು. ಅಕ್ಕಪಕ್ಕದ ಸಾಲು 50 ಹರ್ಟ್ಸ್ ಅಂತರದಲ್ಲಿದ್ದರೆ ಅದು ಗ್ರೌಂಡ್ ಲೂಪ್‌ನಿಂದ (ಎರಡು ದಾರಿಯಲ್ಲಿ ಗ್ರೌಂಡ್ ಸೇರಿದಾಗ ಉಂಟಾಗುವ ಸುತ್ತಿನಿಂದ) ಬಂದದ್ದು. ಕಿಟ್‌ಗೆ ಗೋಡೆಯ ಅಡಾಪ್ಟರ್ ಬದಲು ಬ್ಯಾಟರಿ ಕೊಟ್ಟು ನೋಡಿ. ಸಾಲು ಕರಗಿದರೆ ಅಡಾಪ್ಟರನ್ನೇ ಬದಲಾಯಿಸಿ.

ಪ್ರಶ್ನೆ: ಲಿನಕ್ಸ್‌ನಲ್ಲಿ ನನ್ನ ಸೌಂಡ್ ಕಾರ್ಡ್ ಒಂದೇ ಚಾನಲ್ ತೋರಿಸುತ್ತದೆ. (ಮಡಗಾಂವ್, ಗೋವಾ)

ಉತ್ತರ: ಪಲ್ಸ್‌ಆಡಿಯೊ ವಾಲ್ಯೂಮ್ ಕಂಟ್ರೋಲ್‌ನ ಕಾನ್ಫಿಗರೇಶನ್ ಪುಟದಲ್ಲಿ ಆ ಕಾರ್ಡ್‌ಗೆ ಅನಲಾಗ್ ಸ್ಟೀರಿಯೊ ಇನ್‌ಪುಟ್ ಅಥವಾ ಸ್ಟೀರಿಯೊ ಡ್ಯೂಪ್ಲೆಕ್ಸ್ ಪ್ರೊಫೈಲ್ ಆರಿಸಿ. ಆ ಪಟ್ಟಿಯಲ್ಲಿ ಮೊನೊ ಮಾತ್ರ ಇದ್ದರೆ ಕಾರ್ಡ್‌ನ ಇನ್‌ಪುಟ್ ಮೊನೊ ಆಗಿರುವ ಸಾಧ್ಯತೆಯೇ ಹೆಚ್ಚು. ಮೇಲೆ ಹೇಳಿದ ಬೆರಳಿನ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಂಡು ಬೇರೆ ಕಾರ್ಡ್ ತನ್ನಿ.