ಕಾರ್ನರ್ ಹಾರ್ನ್ ಸ್ಪೀಕರಿನಲ್ಲಿ ಬೇಸ್ ಇಲ್ಲ, 200 ವಾಟಿನ ಆಂಪ್ (ಆಂಪ್ಲಿಫೈಯರ್) ತಗೊಂಡರೆ ಸರಿಹೋಗುತ್ತಾ?

ಹೋಗುವುದಿಲ್ಲ. ನಾನು ತಗೊಂಡು ನೋಡಿದ್ದೇನೆ. ಕಾರ್ನರ್ ಹಾರ್ನ್ ಅಂದರೆ ಕೋಣೆಯ ಮೂಲೆಗೆ ಕೂರಿಸಲೆಂದೇ ಮಾಡಿದ, ಒಳಗೆ ಕಹಳೆಯಂಥ ದಾರಿ ಇರುವ ಸ್ಪೀಕರ್.

ನಿಮ್ಮ ಹತ್ತಿರ ಇರುವುದು 10 ವಾಟಿನ ವಾಲ್ವ್ ಆಂಪ್ (ಹಳೆಯ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್ ಇರುವುದು), ಹಾಡುವ ದನಿ ಚೆನ್ನಾಗಿದೆ, ಕೆಳಗಿನ ಸದ್ದು, ಅಂದರೆ ಬೇಸ್, ಮಾತ್ರ ಇಲ್ಲ, ಸ್ಪೀಕರನ್ನು ಗೋಡೆಯಿಂದ ಎರಡು ಅಡಿ ಮುಂದೆ ಇಟ್ಟಿದ್ದೇನೆ ಎಂದು ಬರೆದಿದ್ದೀರಿ. ಆ ಕೊನೆಯ ಮಾತು ಓದಿಯೇ ಉತ್ತರ ಬರೆಯಲು ಕೂತೆ.

ನನ್ನದು ಕ್ಲಿಪ್ಶ್‌ಹಾರ್ನ್ ಮಾದರಿಯ ಜೋಡಿ. ಬೆಂಗಳೂರಿನಲ್ಲೇ ಒಬ್ಬ ಬಡಗಿಯ ಕೈಲಿ ಪ್ಲೈವುಡ್‌ನಲ್ಲಿ ಮಾಡಿಸಿದ್ದು. 15 ಇಂಚಿನ ವೂಫರ್ (ಬೇಸ್ ಹೊರಡಿಸುವ ದೊಡ್ಡ ಸ್ಪೀಕರ್) ಒಳಗೆ ಅಡಗಿ ಕೂತಿರುತ್ತದೆ. ಸದ್ದು ಒಳಗಿನ ಮಡಚಿದ ದಾರಿಯಲ್ಲಿ ಸುತ್ತಿ, ಪೆಟ್ಟಿಗೆಯ ಹಿಂಬದಿಗೆ ಬಂದು, ಎರಡೂ ಪಕ್ಕದ ಗೋಡೆಗುಂಟ ಹೊರಗೆ ಬರುತ್ತದೆ. ಸಂಗೀತ ಕಚೇರಿಯ ರೆಕಾರ್ಡಿಂಗ್ ಹಾಕಿದರೆ ಹಾಡುಗಾರಿಕೆ ಎದುರಿಗೇ ಕೂತು ಕೇಳಿದ ಹಾಗಿತ್ತು. ಮೃದಂಗದ ಬಲಗೈ ಪೆಟ್ಟು ಒಂದೊಂದೂ ಬಿಡಿಬಿಡಿ. ಎಡಗೈ ಗುಂಕಿ, ಆ ತುಂಬಿದ ತಗ್ಗಿನ ನಾದ, ಮಾತ್ರ ಇಲ್ಲವೇ ಇಲ್ಲ.

ತಪ್ಪು ಎಲ್ಲಿತ್ತು ಅಂದರೆ, ನಾನೂ ಅವುಗಳನ್ನು ಗೋಡೆಯಿಂದ ಮುಂದಕ್ಕೆ ಎಳೆದಿಟ್ಟಿದ್ದೆ. ಮಾಮೂಲಿ ಪೆಟ್ಟಿಗೆ ಸ್ಪೀಕರಿಗೆ ಅದು ಒಳ್ಳೆಯ ರೂಢಿ. ಮೂಲೆಗೆ ಒತ್ತಿದರೆ ಬೇಸ್ ಊದಿಕೊಂಡು ಎಲ್ಲ ಮಬ್ಬಾಗುತ್ತದೆ. ವರ್ಷಗಟ್ಟಲೆ ಹಾಗೇ ಕೇಳಿಕೊಂಡು ಬಂದವನಿಗೆ ಕಾರ್ನರ್ ಹಾರ್ನ್‌ಗೆ ಬೇರೆ ಲೆಕ್ಕ ಇದೆ ಅಂತ ಹೊಳೆಯಲೇ ಇಲ್ಲ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಇದೊಂದು ಅರ್ಥವಾದರೆ ನಿಮ್ಮ ದುಡ್ಡು ಉಳಿಯುತ್ತದೆ.

40 ಹರ್ಟ್ಜ್, ಅಂದರೆ ಸೆಕೆಂಡಿಗೆ 40 ಸಲ ಕಂಪಿಸುವ ತಗ್ಗು ಸದ್ದಿನ ಒಂದು ಅಲೆ ಸುಮಾರು 8.6 ಮೀಟರ್ ಉದ್ದ. ಬಯಲಿನಲ್ಲಿ ಒಂದು ಹಾರ್ನ್ ಆ ಸದ್ದನ್ನು ಸರಿಯಾಗಿ ಹೊರಗೆ ಬಿಡಬೇಕಾದರೆ ಅದರ ಬಾಯಿಯ ಸುತ್ತಳತೆ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಅಂದರೆ ಬಾಯಿಯ ಅಗಲವೇ 2.7 ಮೀಟರ್. ಅಷ್ಟು ದೊಡ್ಡದು ಯಾರ ಮನೆಯ ಬಾಗಿಲಲ್ಲೂ ತೂರುವುದಿಲ್ಲ. ಅದೇ ಹಾರ್ನನ್ನು ಮೂಲೆಯಲ್ಲಿಟ್ಟರೆ ನೆಲ, ಎಡಗೋಡೆ, ಬಲಗೋಡೆ ಮೂರೂ ಸದ್ದನ್ನು ತಡೆದು ಒಂದೇ ಕಡೆಗೆ ಕಳಿಸುತ್ತವೆ. ಆಗ ಎಂಟನೇ ಒಂದು ಭಾಗದಷ್ಟು ಬಾಯಿ ಸಾಕು. ಅಮೆರಿಕದ ಅರ್ಕಾನ್ಸಾ ರಾಜ್ಯದ ಹೋಪ್ ಊರಿನಲ್ಲಿ ಪಾಲ್ ಕ್ಲಿಪ್ಶ್ 1946ರಲ್ಲಿ ಕಂಪನಿ ಶುರು ಮಾಡಿದ್ದು ಈ ಲೆಕ್ಕದ ಮೇಲೆ ಕಟ್ಟಿದ ಸ್ಪೀಕರಿನಿಂದಲೇ. ಅವರು ಹಾರ್ನಿನ ಕೊನೆಯ ಭಾಗವನ್ನು ಮರದಲ್ಲಿ ಮಾಡಲೇ ಇಲ್ಲ. ಆ ಕೆಲಸವನ್ನು ನಮ್ಮ ಮನೆಯ ಗೋಡೆಗೆ ಬಿಟ್ಟರು. ಮೂಲೆಯಿಂದ ಹೊರಗೆಳೆದರೆ ಕಹಳೆಯ ಬಾಯಿ ಕತ್ತರಿಸಿ ಊದಿದ ಹಾಗೆ. ಈಚೆಗಿನ ಕ್ಲಿಪ್ಶ್‌ಹಾರ್ನ್‌ಗಳಲ್ಲಿ ಹಿಂಬದಿಯನ್ನು ಮುಚ್ಚಿಯೇ ಕೊಡುತ್ತಾರೆ, ಗೋಡೆಗೆ ಅಂಟಲೇಬೇಕು ಅಂತಿಲ್ಲ. ಹಳೆಯವು, ಮತ್ತು ಹಳೆಯ ನಕ್ಷೆ ನೋಡಿ ಮಾಡಿಸಿದವು, ಅಂಟಲೇಬೇಕು.

ಇದು ಗೊತ್ತಿಲ್ಲದೆ ನಾನು ನನ್ನ ವಾಲ್ವ್ ಆಂಪನ್ನು ಮಾರಿ 200 ವಾಟಿನದ್ದು ತಂದೆ. ಸದ್ದು ಜಾಸ್ತಿಯಾಯಿತು, ಬೇಸ್ ಬರಲಿಲ್ಲ. ಯಾಕೆ ಬರಬೇಕು ಹೇಳಿ? ಆಂಪ್ ಎಲ್ಲ ಸ್ವರವನ್ನೂ ಒಂದೇ ಸಮ ಎತ್ತುತ್ತದೆ. ನಮ್ಮ ಕೊರತೆ ಸದ್ದಿನದಲ್ಲ, ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ಹೊಂದಾಣಿಕೆಯದು. ಈ ಜಾತಿಯ ಸ್ಪೀಕರ್ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 104 ಡೆಸಿಬೆಲ್ ಆಸುಪಾಸು ಕೊಡುತ್ತದೆ. ಮಾಮೂಲಿ ಸಣ್ಣ ಸ್ಪೀಕರ್ 86 ಕೊಟ್ಟರೆ ಹೆಚ್ಚು. ನಡುವಿನ 18 ಡೆಸಿಬೆಲ್ ಅಂದರೆ 60 ಪಟ್ಟಿಗೂ ಜಾಸ್ತಿ ಪವರ್. ನಿಮ್ಮ 10 ವಾಟ್ ಅಲ್ಲಿ 600 ವಾಟಿನ ಕೆಲಸ ಮಾಡುತ್ತಿದೆ. ಆ ಆಂಪನ್ನು ದಯವಿಟ್ಟು ಮಾರಬೇಡಿ. ನನ್ನದರಂಥದ್ದು ನನಗೆ ಮತ್ತೆ ಸಿಗಲೇ ಇಲ್ಲ.

ಮೂಲೆಗೆ ತಳ್ಳಿದ ಮೇಲೂ ನನಗೆ ಅರ್ಧ ಬೇಸ್ ಅಷ್ಟೇ ಸಿಕ್ಕಿತು. ಕಾರಣ ಸ್ಕರ್ಟಿಂಗ್. ನಮ್ಮ ಮನೆಗಳಲ್ಲಿ ನೆಲದ ಟೈಲನ್ನೇ ಗೋಡೆಯ ಬುಡಕ್ಕೆ ನಾಲ್ಕು ಇಂಚು ಅಂಟಿಸಿರುತ್ತಾರಲ್ವಾ, ಅದು ಪ್ಲಾಸ್ಟರಿಗಿಂತ ಒಂದಿಷ್ಟು ಮುಂದೆ ಚಾಚಿಕೊಂಡಿರುತ್ತದೆ. ಸ್ಪೀಕರಿನ ಬುಡ ಅದಕ್ಕೆ ತಾಗಿ ನಿಂತುಬಿಡುತ್ತದೆ, ಮೇಲೆಲ್ಲ ಬಿರುಕು ಉಳಿಯುತ್ತದೆ. ಪೆಟ್ಟಿಗೆಯ ಹಿಂದಿನ ಅಂಚು, ಬೇಸ್ ಭಾಗದ ಮೇಲಿನ ಹಲಗೆಯ ಅಂಚು, ಎರಡೂ ಗೋಡೆಗೆ ಗಾಳಿಯಾಡದ ಹಾಗೆ ಕೂರಬೇಕು. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಕೊಳವೆ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಉದ್ದಕ್ಕೆ ಸೀಳಿ ಆ ಅಂಚುಗಳಿಗೆ ತೊಡಿಸಿ, ಸ್ಪೀಕರನ್ನು ಒತ್ತಿ ನಿಲ್ಲಿಸಿದೆ. ಗುಂಕಿ ಬಂತು. ಆ ಸಂಜೆ ಮನೆಯವರೆಲ್ಲ ಬಂದು ಕೂತು ಕೇಳಿದರು.

ಮೂಲೆಯ ವಿಷಯದಲ್ಲಿ ಇನ್ನೊಂದು ಮಾತು. ಎರಡೂ ಬದಿಗೆ ನಾಲ್ಕು ಅಡಿಯಷ್ಟಾದರೂ ಗಟ್ಟಿ ಗೋಡೆ ಇರಬೇಕು. ಕಿಟಕಿ, ಬಾಗಿಲು ಬಂದರೆ ಹಾರ್ನಿನ ಬಾಯಿಗೆ ತೂತು ಬಿದ್ದಂತೆಯೇ ಲೆಕ್ಕ. ಈಶಾನ್ಯದಲ್ಲಿ ಭಾರ ಇಡಬಾರದು ಅಂತ ಅಮ್ಮ ಮೊದಲೇ ಹೇಳಿದ್ದರು, ಹಾಗಾಗಿ ದಕ್ಷಿಣದ ಗೋಡೆಯ ಎರಡು ಮೂಲೆ ಆರಿಸಿಕೊಂಡೆ. ಅಲ್ಲಿ ಕಿಟಕಿಯೂ ಇರಲಿಲ್ಲ, ಒಳ್ಳೆಯದೇ ಆಯಿತು. ನಿಮಗೆ ಅಂಥ ಮೂಲೆ ಇಲ್ಲದಿದ್ದರೆ ದಪ್ಪ ಪ್ಲೈವುಡ್‌ನಲ್ಲಿ ಎರಡು ರೆಕ್ಕೆ ಮಾಡಿಸಿ ಸ್ಪೀಕರಿನ ಹಿಂದೆ ಸುಳ್ಳು ಮೂಲೆ ಕಟ್ಟಬಹುದು. ಆಂಪಿಗಿಂತ ಎಷ್ಟೋ ಅಗ್ಗ.

ಏನನ್ನೂ ಕೊಳ್ಳುವ ಮೊದಲು ವೈರ್ ನೋಡಿ. ಒಂದು ಸ್ಪೀಕರಿಗೆ ಪ್ಲಸ್ ಮೈನಸ್ ತಿರುಗಿದ್ದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ, ಬೇಸ್ ಅಲ್ಲಿಗಲ್ಲಿಗೇ ವಜಾ. ಮಾಮೂಲಿ ಸ್ಪೀಕರಿನಲ್ಲಿ 1.5 ವೋಲ್ಟ್ ಸೆಲ್ ತಾಗಿಸಿ ಕೋನ್ (ವೂಫರಿನ ಅಲುಗುವ ಬಟ್ಟಲಿನಂಥ ಭಾಗ) ಮುಂದೆ ಬಂತಾ ಅಂತ ನೋಡುತ್ತೇವೆ. ಇಲ್ಲಿ ಕೋನ್ ಕಾಣುವುದಿಲ್ಲ. ಹಾಗಾಗಿ ಬೇಸ್ ಇರುವ ಒಂದು ಹಾಡನ್ನು ಮೋನೋದಲ್ಲಿ (ಎರಡೂ ಸ್ಪೀಕರಿಗೆ ಒಂದೇ ಸದ್ದು) ಹಾಕಿ, ಒಂದೇ ಸ್ಪೀಕರಿನ ವೈರ್ ಅದಲುಬದಲು ಮಾಡಿ. ಯಾವಾಗ ಬೇಸ್ ತುಂಬಿ ಬರುತ್ತದೋ ಅದೇ ಸರಿ. ವೂಫರ್ ಹಿಂದಿನ ಕೋಣೆಯ ಮುಚ್ಚಳವನ್ನೂ ಬಿಗಿಮಾಡಿ. ಅಲ್ಲಿ ಗ್ಯಾಸ್ಕೆಟ್ ಒಣಗಿ ಗಾಳಿ ಸೋರಿದರೂ ಬೇಸ್ ಹೋಗುತ್ತದೆ.

ಆಮೇಲೆ ನಿಮ್ಮ ಕುರ್ಚಿ. 4.3 ಮೀಟರ್ ಉದ್ದದ ಹಾಲಿನಲ್ಲಿ 40 ಹರ್ಟ್ಜ್ ಸದ್ದು ಎರಡೂ ಗೋಡೆಯ ಹತ್ತಿರ ಜೋರಾಗಿರುತ್ತದೆ, ನಟ್ಟನಡುವೆ ಬಹುಪಾಲು ಸತ್ತಿರುತ್ತದೆ. ಫೋನಿನಿಂದ 40 ಹರ್ಟ್ಜ್ ಟೋನನ್ನು ಆಂಪಿಗೆ ಕೊಟ್ಟು, ಸದ್ದು ಕಡಿಮೆ ಇಟ್ಟು, ಹಾಲಿನಲ್ಲೆಲ್ಲ ಓಡಾಡಿ. ಹಿಂದಿನ ಗೋಡೆಗೆ ಹತ್ತಿರವಾದಂತೆ ಬೇಸ್ ಬಂದರೆ ಸ್ಪೀಕರಿನ ತಪ್ಪೇ ಅಲ್ಲ, ಸೋಫಾ ಸರಿಸಿ.

ಬೇಸ್ ಗುಂಡಿಯನ್ನು ಮಾತ್ರ ತಿರುಗಿಸಬೇಡಿ. ಹಾರ್ನ್ ಕೈಬಿಟ್ಟ ಮಟ್ಟಕ್ಕಿಂತ ಕೆಳಗೆ ವೂಫರಿಗೆ ಗಾಳಿಯ ಹಿಡಿತ ಇರುವುದಿಲ್ಲ. ಕೋನ್ ಸುಮ್ನೆ ಹುಚ್ಚಾಪಟ್ಟೆ ಓಡುತ್ತದೆ, ಸದ್ದು ಬರುವುದಿಲ್ಲ.

ಸಬ್‌ವೂಫರ್ (ಅತಿ ತಗ್ಗಿನ ಬೇಸಿಗೆಂದೇ ಇರುವ ಪ್ರತ್ಯೇಕ ಸ್ಪೀಕರ್) ಸೇರಿಸಲಾ ಅಂತಲೂ ಕೇಳಿದ್ದೀರಿ. ನಿಮ್ಮದು ಪೂರ್ತಿ ಕಾರ್ನರ್ ಹಾರ್ನ್ ಆಗಿದ್ದರೆ ಈಗಲೇ ಬೇಡ, ಮೊದಲು ಮೂಲೆಗೆ ಕೂರಿಸಿ ಕೇಳಿ. ಕ್ಲಿಪ್ಶ್ ಕಂಪನಿಯದೇ ಲಾ ಸ್ಕಾಲಾದಂಥ ಚಿಕ್ಕ ಬೇಸ್ ಹಾರ್ನ್ ಆಗಿದ್ದರೆ ಮಾತು ಬೇರೆ. ಅದು 50 ಹರ್ಟ್ಜ್ ಹೊತ್ತಿಗೇ ಇಳಿದುಬಿಡುತ್ತದೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್. ಅದು ಬೇಕು ಅಂದರೆ ಸಬ್ ಬೇಕೇ ಬೇಕು. ಸುಮಾರು 60 ಹರ್ಟ್ಜ್‌ಗಿಂತ ಕೆಳಗಿನದನ್ನಷ್ಟೇ ಸಬ್ಬಿಗೆ ಬಿಟ್ಟು, ಅದರ ಫೇಸ್ ಗುಂಡಿಯನ್ನು (ಸಬ್ಬಿನ ಅಲೆಯನ್ನು ಸ್ಪೀಕರಿನ ಅಲೆಗೆ ಹೊಂದಿಸುವುದು) ಎರಡೂ ಕಡೆ ತಿರುಗಿಸಿ, ಕೂತ ಜಾಗದಲ್ಲಿ ಯಾವುದು ತುಂಬಿ ಕೇಳಿಸುತ್ತದೋ ಅಲ್ಲಿ ಬಿಡಿ. ನಿಮ್ಮದು ಯಾವ ಮಾದರಿ, ಹಾಲಿನ ಅಳತೆ ಎಷ್ಟು ಅಂತ ಬರೆದರೆ ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.