ಡಾಲರ್ ಖಾತೆಯ ಬ್ಯಾಂಡೇಜು ಬ್ರಹ್ಮಾವರಕ್ಕೆ ಬರಬಹುದಾ?

ಪ್ರಶ್ನೆ: ಮಗ, ಸೊಸೆ, ಮೊಮ್ಮಗ ನ್ಯೂಜೆರ್ಸಿಯಲ್ಲಿದ್ದಾರೆ. ಅಲ್ಲಿ ಮಗನ ಸಂಬಳದಿಂದ ಟ್ಯಾಕ್ಸ್ ಹಿಡಿಯುವ ಮೊದಲೇ ಆರೋಗ್ಯದ ಖರ್ಚಿಗೆ ಅಂತ ಸ್ವಲ್ಪ ಹಣ ತೆಗೆದಿಡುತ್ತಾರಂತೆ, ಎಫ್‌ಎಸ್‌ಎ ಅಂತ ಹೆಸರು. ಡಿಸೆಂಬರ್ ಒಳಗೆ ಮುಗಿಸದಿದ್ದರೆ ಹೋಯಿತಂತೆ. ಉಳಿದದ್ದರಲ್ಲಿ ಒಂದು ಫಸ್ಟ್ ಏಡ್ ಬಾಕ್ಸ್, ಬಿಪಿ ನೋಡುವ ಮೆಷಿನ್ ತಗೊಂಡು ಊರಿಗೆ ಬರುವಾಗ ನಮಗೆ ತರುತ್ತೇನೆ ಅನ್ನುತ್ತಾನೆ. ನಮ್ಮ ಯಜಮಾನರು "ಟ್ಯಾಕ್ಸಿನ ವಿಷಯ, ಸುಮ್ನೆ ತಲೆಬಿಸಿ ಬೇಡ" ಅನ್ನುತ್ತಾರೆ. ಯಾರು ಹೇಳುವುದು ಸರಿ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಈ ಸಲ ಯಜಮಾನರೇ ಗೆದ್ದರು ಅಕ್ಕಾ.

ಬಾಕ್ಸೂ ಮೆಷಿನ್ನೂ ಆ ಖಾತೆಗೆ ಸಲ್ಲುವ ವಸ್ತುಗಳೇ. ಬ್ಯಾಂಡೇಜು, ಗಾಜ್, ಥರ್ಮಾಮೀಟರ್, ಬಿಪಿ ಮೆಷಿನ್ ಎಲ್ಲ ಆಗುತ್ತದೆ. ಜ್ವರದ, ತಲೆನೋವಿನ ಮಾತ್ರೆಗೆ ಮೊದಲು ಡಾಕ್ಟರ ಚೀಟಿ ಬೇಕಿತ್ತು, 2020ರಲ್ಲಿ ಕೊರೊನಾ ಸಮಯದಲ್ಲಿ ತಂದ ಕಾನೂನಿನಿಂದ ಅದೂ ಬೇಡವಾಯಿತು. ಸ್ಯಾನಿಟರಿ ಪ್ಯಾಡ್ ಕೂಡ ಆಗಲೇ ಪಟ್ಟಿಗೆ ಸೇರಿದ್ದು. ಟೂತ್‌ಪೇಸ್ಟ್, ಸೋಪು ಮಾತ್ರ ಆಗುವುದಿಲ್ಲ.

ತೊಡಕಿರುವುದು ಯಾರಿಗೆ ಅನ್ನುವಲ್ಲಿ. ಆ ಹಣ ಅವನಿಗೆ, ಹೆಂಡತಿಗೆ, ಮಕ್ಕಳಿಗೆ, ಮತ್ತೆ ಅಲ್ಲಿನ ಟ್ಯಾಕ್ಸ್ ಲೆಕ್ಕದಲ್ಲಿ ಅವನ ಆಶ್ರಿತರು ಅಂತ ಅನ್ನಿಸಿಕೊಳ್ಳುವವರಿಗೆ ಮಾತ್ರ. ಆಶ್ರಿತರಾಗಬೇಕಾದರೆ ಅಮೆರಿಕದ ಪ್ರಜೆಯಾಗಿರಬೇಕು, ಇಲ್ಲವೇ ಅಮೆರಿಕ, ಕೆನಡಾ, ಮೆಕ್ಸಿಕೋ ಈ ಮೂರರಲ್ಲಿ ಒಂದು ಕಡೆಯ ನಿವಾಸಿಯಾಗಿರಬೇಕು. ಬ್ರಹ್ಮಾವರ ಈ ಮೂರರಲ್ಲೂ ಬರುವುದಿಲ್ಲ, ಏನು ಮಾಡುವುದು! ತಿಂಗಳು ತಿಂಗಳು ನಿಮಗೆ ಹಣ ಕಳಿಸುವವನು ಅವನೇ ಆದರೂ ಲೆಕ್ಕ ಬದಲಾಗುವುದಿಲ್ಲ. ಅಂಗಡಿಯಲ್ಲಿ ಕಾರ್ಡ್ ಉಜ್ಜಿದರೆ ಹಣ ಹೋಗುತ್ತದೆ, ಮೆಷಿನ್ ಯಾರ ತೋಳಿಗೆ ಅಂತ ಅಲ್ಲಿ ಯಾರೂ ಕೇಳುವುದಿಲ್ಲ, ನಿಜ. ಆದರೆ ಕೇಳಲಿಲ್ಲ ಅಂದ ಮಾತ್ರಕ್ಕೆ ಸರಿ ಅಂತ ಆಗುವುದಿಲ್ಲವಲ್ಲ. ಬಿಪಿ ಮೆಷಿನ್ ಉಡುಪಿಯ ಯಾವ ಮೆಡಿಕಲ್‌ನಲ್ಲೂ ಸಿಗುತ್ತದೆ ಮಾರಾಯ್ರೆ, ಕೆಟ್ಟರೆ ತೋರಿಸಲಿಕ್ಕೂ ಹತ್ತಿರ. ಕೊಡಿಸುವ ಆಸೆ ಇದ್ದರೆ ಅವನು ಕೈಯಿಂದ ಹಣ ಹಾಕಿ ಕೊಡಿಸಲಿ.

ಹಾಗಂತ ಉಳಿದ ಹಣ ನೀರಿಗೆ ಬೀಳಬೇಕಾಗಿಲ್ಲ. ಮೊದಲು ಅವನ ಕಂಪೆನಿಯ ನಿಯಮ ನೋಡಲಿಕ್ಕೆ ಹೇಳಿ. ಕೆಲವರು ಎರಡೂವರೆ ತಿಂಗಳು ಹೆಚ್ಚಿಗೆ ಸಮಯ ಕೊಡುತ್ತಾರೆ, ಕೆಲವರು ಸ್ವಲ್ಪ ಹಣ ಮುಂದಿನ ವರ್ಷಕ್ಕೆ ದಾಟಿಸಲು ಬಿಡುತ್ತಾರೆ. ಎರಡೂ ಒಟ್ಟಿಗೆ ಸಿಗುವುದಿಲ್ಲ, ಕೆಲವು ಕಡೆ ಒಂದೂ ಇರುವುದಿಲ್ಲ. ಏನೂ ಇಲ್ಲದಿದ್ದರೆ ಅವನ ಮನೆಗೇ ಒಂದು ಒಳ್ಳೆಯ ಬಾಕ್ಸ್, ಬೇಕಿದ್ದರೆ ಕನ್ನಡಕ, ಹಲ್ಲಿನ ಡಾಕ್ಟರ ಬಾಕಿ. ನೀವು ಅಲ್ಲಿಗೆ ಹೋದಾಗ ಸೌತೆಕಾಯಿ ಹೆಚ್ಚುವಾಗ ಬೆರಳು ಕೊಯ್ದು ಆ ಬಾಕ್ಸಿನಿಂದ ಒಂದು ಪಟ್ಟಿ ತೆಗೆದು ಸುತ್ತಿಕೊಂಡರೆ ಯಾರೂ ಕೇಸ್ ಹಾಕುವುದಿಲ್ಲ, ಹೆದರಬೇಡಿ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ರಜೆಗೆ ಬಂದಾಗ ಮಲ್ಪೆಯಲ್ಲಿ ಮೊಮ್ಮಗನ ಪಾದಕ್ಕೆ ಮರುವಾಯಿ ಚಿಪ್ಪು ತಾಗಿ ರಕ್ತ ಬಂತು ಅಂತಿಟ್ಟುಕೊಳ್ಳಿ. ಆಗ ಇಲ್ಲಿ ತಗೊಂಡ ಗಾಜ್ ಬಟ್ಟೆ, ಬ್ಯಾಂಡೇಜು, ಹೊಲಿಗೆ ಹಾಕಿದ ಡಾಕ್ಟರ ಫೀಸು ಎಲ್ಲವನ್ನೂ ಆ ಖಾತೆಯಿಂದ ವಾಪಸ್ ಕೇಳಬಹುದು. ಗಾಯ ಆದದ್ದು ಯಾವ ದೇಶದಲ್ಲಿ ಅನ್ನುವುದಕ್ಕಿಂತ ಆದದ್ದು ಯಾರಿಗೆ ಅನ್ನುವುದೇ ಮುಖ್ಯ. ಆದರೆ ಬಿಲ್ ಸರಿಯಿರಬೇಕು. ನಮ್ಮಲ್ಲಿ ಒಂದು ತುಂಡು ಚೀಟಿಯಲ್ಲಿ "ಮೆಡಿಸಿನ್ – 640" ಅಂತ ಗೀಚಿ ಕೊಡುತ್ತಾರೆ ನೋಡಿ, ಅದು ನಡೆಯುವುದಿಲ್ಲ. ಅಂಗಡಿಯ ಹೆಸರು, ತಾರೀಕು, ಯಾವ ಸಾಮಾನು, ಎಷ್ಟು ಹಣ, ಎಲ್ಲ ಬಿಡಿಬಿಡಿಯಾಗಿ ಇರುವ ಕಂಪ್ಯೂಟರ್ ಬಿಲ್ ಕೇಳಿ ತಗೊಳ್ಳಿ.

ಪ್ರಶ್ನೆ: ನನ್ನದೂ ಅಮೆರಿಕದ ಕಂಪೆನಿಯೇ, ಕೂತುಕೊಳ್ಳುವುದು ಮಂಗಳೂರಿನಲ್ಲಿ. ಅಲ್ಲಿನವರಿಗೆ ಸಿಗುವ ಈ ಖಾತೆ ನಮಗೆ ಯಾಕಿಲ್ಲ?
– ಸಾಫ್ಟ್‌ವೇರ್ ಉದ್ಯೋಗಿ, ಸುರತ್ಕಲ್

ಉತ್ತರ: ಕಂಪೆನಿ ಯಾವ ದೇಶದ್ದೇ ಆಗಲಿ, ನಿಮ್ಮ ಸಂಬಳಕ್ಕೆ ಟ್ಯಾಕ್ಸ್ ಇಲ್ಲಿಯದ್ದು. ನಮ್ಮಲ್ಲೂ ಅದರ ಹತ್ತಿರದ್ದೊಂದು ಇತ್ತು. ಮೆಡಿಕಲ್ ಬಿಲ್ ಕೊಟ್ಟರೆ ವರ್ಷಕ್ಕೆ 15,000 ರೂಪಾಯಿವರೆಗೆ ಟ್ಯಾಕ್ಸ್ ಇಲ್ಲದೆ ಕಂಪೆನಿ ಕೊಡುತ್ತಿತ್ತು. ಮಾರ್ಚ್ ಬಂದರೆ ಆಫೀಸಿನಲ್ಲಿ ಎಲ್ಲರೂ ಬಿಲ್ ಹುಡುಕುತ್ತಿದ್ದರು, ಸ್ವಂತದ್ದು ಸಾಲದಿದ್ದರೆ ಚಿಕ್ಕಮ್ಮನ ಬಿಲ್ ಆದರೂ ಸೈ. 2018ರ ಬಜೆಟ್‌ನಲ್ಲಿ ಅದನ್ನು ತೆಗೆದು, ಬಿಲ್ ಕೇಳದ 40,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ತಂದರು. ನನಗೆ ಕೇಳಿದರೆ ಒಳ್ಳೆಯದೇ ಆಯಿತು, ಆ ಸುಳ್ಳು ಬಿಲ್ಲುಗಳ ಕಾಟ ತಪ್ಪಿತು.

ಈಗ ಉಳಿದಿರುವುದು 80ಡಿ ಅಂತ ನಾವೆಲ್ಲ ಕರೆದು ಅಭ್ಯಾಸವಾದ ವಿನಾಯಿತಿ, ಅದೂ ಹಳೆಯ ಟ್ಯಾಕ್ಸ್ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ಅರವತ್ತು ದಾಟಿದ ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಅವರ ಚಿಕಿತ್ಸೆಗೆ ನೀವು ಮಾಡಿದ ಖರ್ಚಿನಲ್ಲಿ ವರ್ಷಕ್ಕೆ 50,000ದವರೆಗೆ ಟ್ಯಾಕ್ಸ್ ಬೀಳುವ ಆದಾಯದಿಂದ ಕಳೆಯಬಹುದು. ನಗದು ಕೊಟ್ಟರೆ ಲೆಕ್ಕಕ್ಕಿಲ್ಲ, ಯುಪಿಐ, ಕಾರ್ಡು, ಚೆಕ್ಕು ಏನಾದರೂ ಆಗಬೇಕು. ಅಲ್ಲಿ ಅಪ್ಪ ಅಮ್ಮ ಹೊರಗೆ, ಇಲ್ಲಿ ಅವರ ಹೆಸರಲ್ಲೇ ವಿನಾಯಿತಿ, ಅಲ್ವಾ? ನಿಮ್ಮ ಮನೆಯ ಹತ್ತಿ, ಅಯೋಡಿನ್ ಬಾಟಲಿಗೆ ಮಾತ್ರ ಯಾವ ವಿನಾಯಿತಿಯೂ ಇಲ್ಲ. ನೂರಿನ್ನೂರರ ವಿಷಯ, ಬಿಟ್ಟುಬಿಡಿ.

ಪ್ರಶ್ನೆ: ಮಗಳು ಟೆಕ್ಸಾಸ್‌ನಲ್ಲಿ ಹೊಸ ಕೆಲಸಕ್ಕೆ ಸೇರಿದ್ದಾಳೆ. ಅವಳದ್ದು ಎಫ್‌ಎಸ್‌ಎ ಅಲ್ಲ, ಎಚ್‌ಎಸ್‌ಎ ಅಂತೆ. ಅದಕ್ಕೂ ಡಿಸೆಂಬರ್ ಗಡುವು ಇದೆಯಾ?
– ಓದುಗರು, ಕದ್ರಿ

ಉತ್ತರ: ಇಲ್ಲ. ಅದೂ ಟ್ಯಾಕ್ಸ್ ಇಲ್ಲದೆ ಆರೋಗ್ಯದ ಖರ್ಚಿಗೆ ಹಣ ಇಡುವ ಖಾತೆಯೇ, ಆದರೆ ಆ ಹಣ ಅವಳದ್ದೇ, ವರ್ಷ ಕಳೆದರೂ ಕೆಲಸ ಬಿಟ್ಟರೂ ಖಾತೆಯಲ್ಲೇ ಇರುತ್ತದೆ. ಜೇಬಿನಿಂದ ಮೊದಲು ಸ್ವಲ್ಪ ಜಾಸ್ತಿ ಕೊಡಬೇಕಾದ ಒಂದು ಬಗೆಯ ವಿಮೆ ಇದ್ದವರಿಗಷ್ಟೇ ಇದು ಸಿಗುವುದು. 2026ಕ್ಕೆ ಒಬ್ಬರಿಗೆ 4,400 ಡಾಲರ್‌ವರೆಗೆ ಹಾಕಬಹುದು. ಬ್ಯಾಂಡೇಜು, ಮಾತ್ರೆಯ ನಿಯಮ ಮೇಲೆ ಹೇಳಿದ್ದೇ. ಆರೋಗ್ಯ ಬಿಟ್ಟು ಬೇರೆಯದಕ್ಕೆ ತೆಗೆದರೆ ಟ್ಯಾಕ್ಸ್ ಕಟ್ಟಬೇಕು, 65 ವರ್ಷ ಆಗುವ ಮೊದಲಾದರೆ ತೆಗೆದ ಹಣದ ಶೇಕಡಾ 20 ದಂಡ ಬೇರೆ. ಹಾಗಾಗಿ ಡಿಸೆಂಬರ್‌ನಲ್ಲಿ ಗಡಿಬಿಡಿ ಮಾಡಿ ಪಟ್ಟಿ, ಮುಲಾಮು ತುಂಬಿಸಿಕೊಳ್ಳಬೇಡ ಅಂತ ಮಗಳಿಗೆ ಹೇಳಿ. ಬಿಲ್ಲುಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಡಲಿ, ಅಂಗಡಿಯ ಆ ನುಣುಪು ಕಾಗದದ ಅಕ್ಷರ ಬೇಗ ಅಳಿಸಿಹೋಗುತ್ತದೆ.